ಕಲ್ಲಚ್ಚಿನ ರವಿವರ್ಮ

ಜೇಜುರಿಯ ಬೆಟ್ಟವೇರಿದ ಭಕ್ತನು ಮನೆಗೆ ಒಯ್ಯುವುದು ಭಂಡಾರವನ್ನು. ಮನೆಯ ಜಗಲಿಯಲ್ಲಿಟ್ಟು ಪೂಜಿಸುವುದು ಖಂಡೋಬನ ಉಬ್ಬುರೂಪವುಳ್ಳ ಲೋಹದ ಟಾಕನ್ನು. ಕನ್ನಡಿಗರ ಮೈಲಾರಲಿಂಗನೇ ಆದ ಈ ದೈವವು ಮ್ಹಾಳಸೆಯೊಡನೆ ಕುದುರೆಯೇರಿದ ಬಣ್ಣದ ಪಟವಾಗಿ ಬಡವರ ಗೋಡೆಗೂ ಬಂದದ್ದು ಕಲ್ಲಚ್ಚಿನಿಂದ. ಪುಣೆಯ ಚಿತ್ರಶಾಲಾ ಮುದ್ರಣಾಲಯ 1878ರಲ್ಲಿಯೇ ಈ ಕಾರ್ಯಕ್ಕೆ ತೊಡಗಿತ್ತು. ಆದರೂ ಅಂಥ ಪಟಗಳಿಗೆಲ್ಲ ಜನ ಹಚ್ಚಿದ ಹೆಸರು ರಾಜಾ ರವಿವರ್ಮನದು.

1848ರಲ್ಲಿ ತಿರುವಾಂಕೂರಿನ ಕಿಳಿಮಾನೂರಿನಲ್ಲಿ ಜನಿಸಿದ ರವಿವರ್ಮನು ತೈಲವರ್ಣದ ವಿದ್ಯೆಯನ್ನು ಬಹುಮಟ್ಟಿಗೆ ನೋಡಿಯೇ ಕಲಿತನು. 1873ರ ವಿಯೆನ್ನಾ ಪ್ರದರ್ಶನದ ಪುರಸ್ಕಾರದಿಂದ ಅವನ ಕೀರ್ತಿ ಹಬ್ಬಿತು. ಬರೋಡೆಯ ಅರಮನೆಗಾಗಿ ರಚಿಸಿದ 14 ಪೌರಾಣಿಕ ಚಿತ್ರಗಳನ್ನು ನೋಡಲು ಮುಂಬಯಿಯಲ್ಲಿ ಜನ ಕಿಕ್ಕಿರಿದರು. ಅರಮನೆ ಸೇರಿದ ಚಿತ್ರ ಈ ಜನಕ್ಕೆ ಮತ್ತೆ ದೊರೆಯುವಂತಿರಲಿಲ್ಲ. ಓಲಿಯೋಗ್ರಾಫ್ ಮಾಡಿಸಬೇಕೆಂದು ಟಿ. ಮಾಧವರಾಯರು ಹಿಂದೆಯೇ ಸೂಚಿಸಿದ್ದರು. 1894ರಲ್ಲಿ ಜರ್ಮನಿಯ ಯಂತ್ರಗಳೂ ತಂತ್ರಜ್ಞರೂ ಬಂದು ಮುಂಬಯಿಯ ಗಿರಗಾಂವದಲ್ಲಿ ಮುದ್ರಣಾಲಯ ಆರಂಭವಾಯಿತು. ಶಕುಂತಲೆಯ ಜನನವೇ ಅದರ ಮೊದಲ ಅಚ್ಚು.

ಈ ಅಚ್ಚಿನ ಕ್ರಮವನ್ನರಿಯದೆ ರವಿವರ್ಮನನ್ನು ಹೊಗಳುವುದೂ ತೆಗಳುವುದೂ ಅಪೂರ್ಣವೇ. ಒಂದೊಂದು ಬಣ್ಣಕ್ಕೆ ಒಂದೊಂದು ಸುಣ್ಣಕಲ್ಲು. ಅದರ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರವನ್ನು ತಿರುಮುರುವಾಗಿ ಬರೆಯಬೇಕು. ಕಲ್ಲನ್ನು ತೋಯಿಸಿದರೆ ಮಸಿಯು ಜಿಡ್ಡಿದ್ದಲ್ಲಿ ಮಾತ್ರ ಹಿಡಿಯುತ್ತದೆ. ಒಂದೇ ಹಾಳೆ ಹಲವು ಕಲ್ಲುಗಳ ಮೇಲೆ ಕೂದಲೆಳೆಯಷ್ಟೂ ಸರಿಯದಂತೆ ಹಾಯಬೇಕು. ಕೊನೆಗೆ ವಾರ್ನಿಷಿನ ಹೊಳಪು. ಮನೆಮನೆಗೆ ತಲುಪಿದ ಸರಸ್ವತಿ, ಲಕ್ಷ್ಮಿಯರ ಮುಖದಲ್ಲಿ ರವಿವರ್ಮನ ಕುಂಚದಷ್ಟೇ ಹೆಸರಿಲ್ಲದ ಕಲ್ಲುಗೆಲಸಗಾರನ ಕೈಯೂ ಇದೆ. ಪಟಗಳ ಅಗ್ಗತನವನ್ನು ಹಳಿದ ವಿಮರ್ಶಕರು ಈ ಭೇದವನ್ನು ಎಣಿಸಲಿಲ್ಲ.

ವ್ಯಾಪಾರ ಮಾತ್ರ ಕೈಹಿಡಿಯಲಿಲ್ಲ. ಮುಂಬಯಿಯ ಪ್ಲೇಗಿನ ಹಾವಳಿಯಲ್ಲಿ ಮುದ್ರಣಾಲಯ ಸ್ಥಳ ಬದಲಿಸಿ, 1899ರ ಹೊತ್ತಿಗೆ ಜೇಜುರಿಯಿರುವ ಪುಣೆ ಜಿಲ್ಲೆಯಲ್ಲಿಯೇ, ಕಾರ್ಲಾ ಗುಹೆಗಳ ಸಮೀಪದ ಮಳವಲಿಗೆ ಬಂದಿತು. (ನಮ್ಮ ಮಂಡ್ಯದ ಮಳವಳ್ಳಿಗೂ ಇದಕ್ಕೂ ಸಂಬಂಧವಿಲ್ಲ.) ನಷ್ಟ ತಾಳಲಾರದೆ ರವಿವರ್ಮನು ಕೆಲವೇ ವರ್ಷಗಳಲ್ಲಿ ಅದನ್ನು ಮುದ್ರಣದ ಹಕ್ಕುಗಳ ಸಮೇತ ಜರ್ಮನ್ ತಂತ್ರಜ್ಞ ಫ್ರಿಟ್ಸ್ ಶ್ಲೈಖರನಿಗೆ ಮಾರಿದನು. ಕೈಬಿಟ್ಟುಹೋದದ್ದು ಯಂತ್ರವಷ್ಟೇ ಅಲ್ಲ, ತನ್ನ ಹೆಸರೂ ಕೂಡ: ಅವನು ಬರೆಯದ ಚಿತ್ರಗಳೂ ಮುಂದೆ ಆ ಮುದ್ರಣಾಲಯದ ಹೆಸರಿನಲ್ಲಿ ಹೊರಬಂದವು.

ಮತ್ತೆ ಅರಮನೆಯೇ ಆಸರೆಯಾಯಿತು. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರಿಗಾಗಿ ಅವನು 9 ಚಿತ್ರಗಳನ್ನು ಕೈಗೆತ್ತಿಕೊಂಡನು. ಆ ನಡುವೆ, 1905ರಲ್ಲಿ, ಚಿತ್ರರಚನೆಯಲ್ಲಿ ಬಲಗೈಯಾಗಿದ್ದ ತಮ್ಮ ರಾಜರಾಜವರ್ಮನು ತೀರಿಕೊಂಡನು. 1906ರ ಅಕ್ಟೋಬರ್ 2ರಂದು ರವಿವರ್ಮನೂ ಕಿಳಿಮಾನೂರಿನಲ್ಲಿ ನಿಧನನಾದನು. ಮಳವಲಿಯ ಕಾರ್ಖಾನೆ 1972ರಲ್ಲಿ ಬೆಂಕಿಗೆ ಆಹುತಿಯಾಯಿತು.