ಚಕ್ರದ ಲೆಕ್ಕ ಬರೆದ ಮ್ಯಾಕ್‌ಫರ್ಸನ್

ಗ್ಯಾರೇಜುಗಳಲ್ಲಿ ನಿತ್ಯವೂ ಕೇಳಿಬರುವ ಹೆಸರು ಮ್ಯಾಕ್‌ಫರ್ಸನ್. ಆ ಹೆಸರಿನ ಹಿಂದೆ ಒಬ್ಬ ಎಂಜಿನಿಯರ್ ಇದ್ದರೆಂಬುದು ಅನೇಕರಿಗೆ ತಿಳಿಯದು. ನಮ್ಮ ರಸ್ತೆಗಳಲ್ಲಿ ದಶಕಗಳ ಕಾಲ ಓಡಿದ ಮಾರುತಿ 800ರ ಮುಂದಿನ ಚಕ್ರಗಳೂ ಅವರ ವಿನ್ಯಾಸವನ್ನೇ ಆಧರಿಸಿದ್ದವು.

ಅರ್ಲ್ ಸ್ಟೀಲ್ ಮ್ಯಾಕ್‌ಫರ್ಸನ್ ಜನಿಸಿದ್ದು 1891ರಲ್ಲಿ, ಅಮೆರಿಕದ ಇಲಿನಾಯ್ ರಾಜ್ಯದಲ್ಲಿ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1915ರಲ್ಲಿ ಪದವಿ ಮುಗಿಸಿ ಮೋಟಾರು ಉದ್ಯಮ ಸೇರಿದರು. ಚಾಮರ್ಸ್, ಲಿಬರ್ಟಿ, ಹಪ್ ಕಂಪನಿಗಳಲ್ಲಿ ದುಡಿದು 1934ರಲ್ಲಿ ಜನರಲ್ ಮೋಟಾರ್ಸ್‌ಗೆ ಬಂದರು.

ಎರಡನೇ ಮಹಾಯುದ್ಧ ಮುಗಿದಾಗ ಷೆವರ್ಲೆ ವಿಭಾಗ ಅವರಿಗೊಂದು ಹೊಣೆ ವಹಿಸಿತು. ಸಾವಿರ ಡಾಲರ್ ಬೆಲೆಯ ಆಸುಪಾಸಿನಲ್ಲಿ ಸಾಮಾನ್ಯರಿಗೆ ಎಟುಕುವ ಹಗುರವಾದ ಕಾರು ರೂಪಿಸಬೇಕಿತ್ತು. 'ಕೆಡೆಟ್' ಎಂಬ ಹೆಸರಿನ ಆ ಕಾರಿಗಾಗಿ ಅವರು ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್‌ಗಳನ್ನು ಒಂದೇ ಕಂಬದಲ್ಲಿ ಕೂಡಿಸಿದರು. ಆ ಕಂಬವೇ ಚಕ್ರವನ್ನು ನೆಟ್ಟಗೆ ಹಿಡಿಯುವುದರಿಂದ ಮೇಲಿನ ತೋಳು ಅನವಶ್ಯಕವಾಯಿತು. ಬಿಡಿಭಾಗ, ತೂಕ, ಖರ್ಚು ಮೂರೂ ಇಳಿದವು.

ಆದರೆ ಲಾಭದ ಲೆಕ್ಕಾಚಾರ ಕೂಡಿಬರಲಿಲ್ಲ. 1947ರಲ್ಲಿ ಕಂಪನಿ ಯೋಜನೆಯನ್ನೇ ಕೈಬಿಟ್ಟಿತು. ಅದೇ ವರ್ಷ ಮ್ಯಾಕ್‌ಫರ್ಸನ್ ಪ್ರತಿಸ್ಪರ್ಧಿ ಫೋರ್ಡ್ ಸಂಸ್ಥೆಯನ್ನು ಸೇರಿದರು. ಒಂದು ಕಂಪನಿ ಬೇಡವೆಂದ ವಿನ್ಯಾಸ ಮತ್ತೊಂದರಲ್ಲಿ ಫಲ ಕೊಟ್ಟಿತು. 1950ರಲ್ಲಿ ಲಂಡನ್ ಪ್ರದರ್ಶನದಲ್ಲಿ ಅನಾವರಣಗೊಂಡ ಬ್ರಿಟನ್ ಫೋರ್ಡ್‌ನ ಕಾನ್ಸಲ್ ಮತ್ತು ಝೆಫರ್ ಕಾರುಗಳು ಈ ಸ್ಟ್ರಟ್ ಅನ್ನು ಜನಸಾಮಾನ್ಯರ ಬಳಿಗೆ ಒಯ್ದವು. ಮುಂದೆ ಅವರು ಫೋರ್ಡ್‌ನ ಎಂಜಿನಿಯರಿಂಗ್ ವಿಭಾಗದ ಉಪಾಧ್ಯಕ್ಷರಾದರು. 1958ರಲ್ಲಿ ನಿವೃತ್ತರಾಗಿ 1960ರಲ್ಲಿ ನಿಧನರಾದರು.

ಅವರ ಮಿತವ್ಯಯಕ್ಕೆ ಒಂದು ಷರತ್ತಿತ್ತು. ಕಾರು ನಿಗದಿತ ಎತ್ತರದಲ್ಲಿ ನಿಂತಾಗ ಮಾತ್ರ ಈ ಜೋಡಣೆಯ ಕೋನಗಳು ಸರಿಹೊಂದುತ್ತವೆ. ಮೇಲಿನ ತೋಳೇ ಇಲ್ಲದ ಕಾರಣ ಅಲ್ಲಿ ತಿದ್ದಲು ಅವಕಾಶವೂ ಕಡಿಮೆ. ಅಂದಕ್ಕಾಗಿ ಕಾರನ್ನು ತಗ್ಗಿಸುವ ಇಂದಿನ ಯುವಕರು ಎದುರಿಸುವ ತೊಡಕು ಹುಟ್ಟುವುದು ಇಲ್ಲಿಯೇ. ಗಿಡ್ಡ ಸ್ಪ್ರಿಂಗ್ ಹಾಕಿದೊಡನೆ ಕೆಳತೋಳಿನ ಓರೆ ಬದಲಾಗುತ್ತದೆ. ಚಕ್ರದ ಮೇಲ್ತುದಿ ಸಾಮಾನ್ಯವಾಗಿ ಒಳಕ್ಕೆ ವಾಲುತ್ತದೆ. ಇದೇ ಕ್ಯಾಂಬರ್ ವ್ಯತ್ಯಾಸ. ಸ್ಟೀರಿಂಗ್‌ನ ಟೈ ರಾಡ್ ಕೂಡ ಓರೆಯಾಗಿ, ಚಕ್ರಗಳ ಮುಂಚೂಣಿ ಒಳಕ್ಕೋ ಹೊರಕ್ಕೋ ತಿರುಗುತ್ತದೆ, ಇದು ಟೋ. ಟೈರಿನ ಒಳಅಂಚು ಬೇಗನೆ ಸವೆಯಲು ಈ ಎರಡೂ ಕಾರಣವಾದರೂ ಟೋ ದೋಷದ ಹಾನಿಯೇ ಹೆಚ್ಚು.

ಆದ್ದರಿಂದ ಬಿಡಿಭಾಗ ಕೊಳ್ಳುವ ಮುನ್ನ ಅಳತೆ ಅಗತ್ಯ. ಸ್ಪ್ರಿಂಗ್ ತನ್ನ ಎತ್ತರಕ್ಕೆ ಕುಳಿತ ಮೇಲೆ ಅಲೈನ್‌ಮೆಂಟ್ ಮಾಡಿಸಿ, ಅಂಕಿಗಳನ್ನು ಬರೆದುಕೊಳ್ಳಬೇಕು. ಟೋ ದೋಷವನ್ನು ಟೈ ರಾಡ್‌ನಲ್ಲೇ ಸರಿಪಡಿಸಬಹುದು, ಹೊಸ ಭಾಗ ಬೇಕಿಲ್ಲ. ಸ್ಟ್ರಟ್ ಅನ್ನು ಚಕ್ರದ ಬಳಿ ಎರಡು ಬೋಲ್ಟ್‌ಗಳಿಂದ ಬಿಗಿದಿರುವ ಕಾರುಗಳಲ್ಲಿ ಅಲ್ಪ ಕ್ಯಾಂಬರ್ ವ್ಯತ್ಯಾಸಕ್ಕೆ ಕ್ಯಾಂಬರ್ ಬೋಲ್ಟ್ ಸಾಕು. ಹೆಚ್ಚಿನ ತಿದ್ದುಪಡಿಗೆ ಸ್ಟ್ರಟ್‌ನ ತಲೆಯಲ್ಲಿ ಕೂರುವ ಕ್ಯಾಂಬರ್ ಪ್ಲೇಟ್ ಬೇಕಾಗುತ್ತದೆ. ಆದರೆ ಅದು ರಸ್ತೆಯ ಸದ್ದು, ಕಂಪನಗಳನ್ನು ಕಾರಿನೊಳಕ್ಕೆ ಹೆಚ್ಚಾಗಿ ತರಬಲ್ಲದು.

ಈ ಎರಡೂ ಕೆಳತೋಳಿನ ಓರೆಯನ್ನು ಸರಿಪಡಿಸಲಾರವು. ಕಾರನ್ನು ತೀರಾ ತಗ್ಗಿಸಿದ್ದರೆ ಉದ್ದ ಕಾಂಡದ ಬಾಲ್ ಜಾಯಿಂಟ್ ಬೇಕು, ಅದಕ್ಕೆ ಹೊಂದುವ ಟೈ ರಾಡ್ ತುದಿಯೂ ಜತೆಗಿರಬೇಕು. ಒಂದನ್ನು ಹಾಕಿ ಇನ್ನೊಂದನ್ನು ಬಿಟ್ಟರೆ ಉಬ್ಬುತಗ್ಗು ಬಂದಾಗಲೆಲ್ಲ ಚಕ್ರ ತಾನಾಗಿಯೇ ತಿರುಗುವ ಅಪಾಯವುಂಟು. ಗಿಡ್ಡ ಸ್ಪ್ರಿಂಗ್‌ಗೆ ತಕ್ಕ ಶಾಕ್ ಅಬ್ಸಾರ್ಬರ್ ಇಲ್ಲದಿದ್ದರೆ ರಸ್ತೆಯುಬ್ಬಿನಲ್ಲಿ ಅದು ತಳ ಬಡಿಯುತ್ತದೆ.

ಅಗ್ಗದ ಕಾರಿಗಾಗಿ ಮ್ಯಾಕ್‌ಫರ್ಸನ್ ತೆಗೆದುಹಾಕಿದ ತೋಳಿನ ಕೆಲಸಕ್ಕೆ ಕಾರು ತಗ್ಗಿಸಿದವರು ಇಂದು ಬೇರೆ ಬೇರೆ ಭಾಗಗಳ ರೂಪದಲ್ಲಿ ಬೆಲೆ ತೆರುತ್ತಿದ್ದಾರೆ. ಎಷ್ಟು ತಗ್ಗಿಸಬೇಕೆಂಬುದನ್ನು ಮೊದಲೇ ಮಿತಿಯಲ್ಲಿಟ್ಟುಕೊಂಡರೆ ಆ ಬೆಲೆಯೂ ಮಿತಿಯಲ್ಲಿರುತ್ತದೆ.