ಬೆಂಕಿಯಿಲ್ಲದ ಒಲೆಯ ಜನಕ

ಮಾನವನು ಬೆಂಕಿಯ ಬಳಕೆಯನ್ನು ಕಲಿತುದು ನಾಗರಿಕತೆಯ ಇತಿಹಾಸದಲ್ಲಿ ಒಂದು ಮಹತ್ತರ ಘಟನೆ. ಅಂದಿನಿಂದ ಅಡುಗೆಗೂ ಬೆಂಕಿಗೂ ಬಿಡಿಸಲಾಗದ ನಂಟು ಬೆಳೆಯಿತು. ಸೌದೆಯ ಒಲೆ ಹೋಗಿ ಇದ್ದಲಿನ ಒಲೆ ಬಂದಿತು. ಸೀಮೆಎಣ್ಣೆಯ ಸ್ಟೌವ್ ಬಂದಿತು. ಅನಿಲದ ಒಲೆ, ವಿದ್ಯುತ್ತಿನ ಒಲೆಗಳೂ ಬಂದವು. ಇವುಗಳಲ್ಲೆಲ್ಲ ಮೊದಲು ಕಾಯುವುದು ಪಾತ್ರೆ. ಅನಂತರ ಪಾತ್ರೆಯಿಂದ ಆಹಾರಕ್ಕೆ ಶಾಖ ಹರಿಯುತ್ತದೆ. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಈ ಕ್ರಮವನ್ನೇ ಬದಲಿಸಿದ ಹೊಸ ಒಲೆಯೊಂದು ಹುಟ್ಟಿತು. ಅದರಲ್ಲಿ ಉರಿಯಿಲ್ಲ, ಹೊಗೆಯಿಲ್ಲ, ಕೆಂಡವಿಲ್ಲ. ಇಂದು ಅನೇಕ ಮನೆಗಳ ಅಡುಗೆಮನೆಯಲ್ಲಿ ಕಾಣಸಿಗುವ ಮೈಕ್ರೋವೇವ್ ಒಲೆಯೇ ಅದು. ಅದನ್ನು ಕಂಡುಹಿಡಿದವನು ಪ್ರಾಥಮಿಕ ಶಾಲೆಯ ವ್ಯಾಸಂಗವನ್ನೂ ಪೂರೈಸಲಾಗದೆ ಕಾರ್ಖಾನೆಗೆ ದುಡಿಯಲು ಹೋದ ಒಬ್ಬ ಬಡ ಬಾಲಕ. ಅವನ ಹೆಸರು ಪರ್ಸಿ ಸ್ಪೆನ್ಸರ್.

ಪರ್ಸಿ ಲೆಬ್ಯಾರನ್ ಸ್ಪೆನ್ಸರ್ 1894ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಈಶಾನ್ಯ ಭಾಗದಲ್ಲಿರುವ ಮೇನ್ ರಾಜ್ಯದ ಹೌಲೆಂಡ್ ಎಂಬ ಸಣ್ಣ ಊರಿನಲ್ಲಿ ಜನಿಸಿದನು. ಮಗುವಿಗೆ ಒಂದೂವರೆ ವರ್ಷ ತುಂಬುವಷ್ಟರಲ್ಲಿ ತಂದೆ ತೀರಿಕೊಂಡನು. ತಾಯಿ ಮಗುವನ್ನು ಬಂಧುಗಳಾದ ದಂಪತಿಗಳ ಮಡಿಲಿಗೆ ಒಪ್ಪಿಸಿ ಹೊರಟುಹೋದಳು. ಪರ್ಸಿಗೆ ಏಳು ವರ್ಷವಾದಾಗ ಆ ಸಾಕುತಂದೆಯೂ ಮರಣ ಹೊಂದಿದನು. ಮನೆಯಲ್ಲಿ ದುಡಿಯುವವರಿಲ್ಲದಂತಾಯಿತು. ಹನ್ನೆರಡನೆಯ ವಯಸ್ಸಿನಲ್ಲಿ ಪರ್ಸಿ ಶಾಲೆಯನ್ನು ಬಿಟ್ಟು, ನೂಲು ಸುತ್ತುವ ಮರದ ಉರುಳೆಗಳನ್ನು ತಯಾರಿಸುವ ಕಾರ್ಖಾನೆಯೊಂದರಲ್ಲಿ ಕೂಲಿಗೆ ಸೇರಿದನು. ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ದುಡಿಮೆ. ಹೀಗೆ ನಾಲ್ಕು ವರ್ಷಗಳು ಕಳೆದವು.

ಅಷ್ಟರಲ್ಲಿ ಸಮೀಪದ ಕಾಗದದ ಕಾರ್ಖಾನೆಯೊಂದು ವಿದ್ಯುಚ್ಛಕ್ತಿಯನ್ನು ಅಳವಡಿಸಿಕೊಳ್ಳಲಿದೆ ಎಂಬ ಸುದ್ದಿ ಹಬ್ಬಿತು. ಆ ಸೀಮೆಯಲ್ಲಿ ವಿದ್ಯುತ್ತೆಂದರೆ ಏನೆಂಬುದನ್ನು ಬಲ್ಲವರು ವಿರಳ. ಪರ್ಸಿ ತನಗೆ ದೊರೆತಷ್ಟನ್ನು ಓದಿ, ಕೈಯಿಂದ ಮಾಡಿ ನೋಡಿ, ತಪ್ಪಿದಲ್ಲಿ ತಿದ್ದಿಕೊಂಡು, ಆ ಕೆಲಸಕ್ಕೆ ಅರ್ಜಿ ಹಾಕಿದನು. ಕಾರ್ಖಾನೆಗೆ ವಿದ್ಯುತ್ ವ್ಯವಸ್ಥೆಯನ್ನು ಜೋಡಿಸಲು ಆಯ್ಕೆಯಾದ ಮೂವರಲ್ಲಿ ಅವನೂ ಒಬ್ಬನಾದನು. ಗುರುವಿಲ್ಲದಿದ್ದರೂ ವಿದ್ಯೆಯನ್ನು ಗಳಿಸಬಹುದೆಂಬ ಧೈರ್ಯ ಅವನಿಗೆ ಅಂದು ಬಂದಿತು. ಅದು ಜೀವಮಾನವಿಡೀ ಅವನನ್ನು ಬಿಡಲಿಲ್ಲ.

1912ರ ಏಪ್ರಿಲ್ ತಿಂಗಳಲ್ಲಿ ಟೈಟಾನಿಕ್ ಎಂಬ ಬೃಹತ್ ಹಡಗು ಹಿಮಗಡ್ಡೆಗೆ ಬಡಿದು ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿತು. ಸಾವಿರದ ಐನೂರಕ್ಕೂ ಹೆಚ್ಚು ಮಂದಿ ಜಲಸಮಾಧಿಯಾದರು. ಆದರೂ ಹಡಗಿನ ನಿಸ್ತಂತು ಯಂತ್ರದಿಂದ ಹೊರಟ ಸಂದೇಶಗಳನ್ನು ಕೇಳಿ ಧಾವಿಸಿ ಬಂದ ಇನ್ನೊಂದು ಹಡಗು ಸುಮಾರು ಏಳುನೂರು ಜನರನ್ನು ಉಳಿಸಿತು. ಕಣ್ಣಿಗೆ ಕಾಣದ ಅಲೆಗಳು ಮನುಷ್ಯರ ಪ್ರಾಣವನ್ನು ಕಾಪಾಡಬಲ್ಲವೆಂಬ ಸಂಗತಿ ತರುಣ ಸ್ಪೆನ್ಸರನ ಮನಸ್ಸನ್ನು ಸೆರೆಹಿಡಿಯಿತು. ಅವನು ನೌಕಾಪಡೆಯನ್ನು ಸೇರಿ ನಿಸ್ತಂತು ವಿದ್ಯೆಯನ್ನು ಕಲಿಯತೊಡಗಿದನು. ರಾತ್ರಿಯ ಕಾವಲಿನ ಹೊತ್ತಿನಲ್ಲಿ ಪುಸ್ತಕಗಳನ್ನು ಎದುರಿಗಿರಿಸಿಕೊಂಡು ತ್ರಿಕೋನಮಿತಿ, ಕಲನಶಾಸ್ತ್ರ, ಭೌತವಿಜ್ಞಾನ, ರಸಾಯನವಿಜ್ಞಾನ, ಲೋಹವಿಜ್ಞಾನಗಳನ್ನು ಒಂದೊಂದಾಗಿ ತಾನೇ ಅಭ್ಯಾಸ ಮಾಡಿದನು. ಶಾಲೆ ಕೊಡಲಾಗದುದನ್ನು ಅವನು ನಿದ್ದೆಗೆಟ್ಟು ಸಂಪಾದಿಸಿದನು.

1925ರಲ್ಲಿ ಸ್ಪೆನ್ಸರ್ ಮ್ಯಾಸಚೂಸೆಟ್ಸ್ ರಾಜ್ಯದ ರೇಥಿಯಾನ್ ಎಂಬ ಕಂಪನಿಗೆ ಸೇರಿದನು. ರೇಡಿಯೋಗಳಿಗೆ ಬೇಕಾದ ನಿರ್ವಾತ ನಳಿಕೆಗಳನ್ನು ರೂಪಿಸುವುದರಲ್ಲಿ ಅವನು ಅಲ್ಪಕಾಲದಲ್ಲೇ ಎತ್ತಿದ ಕೈ ಎನಿಸಿಕೊಂಡನು. ಆ ವೇಳೆಗೆ ಎರಡನೆಯ ಮಹಾಯುದ್ಧ ಆರಂಭವಾಯಿತು. ಶತ್ರುಗಳ ವಿಮಾನಗಳನ್ನೂ ಹಡಗುಗಳನ್ನೂ ದೂರದಿಂದಲೇ ಗುರುತಿಸುವ ರೇಡಾರ್ ಯಂತ್ರ ಎಲ್ಲ ಪಕ್ಷಗಳಿಗೂ ಅತ್ಯಗತ್ಯವಾಗಿತ್ತು. 1940ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದ ಜಾನ್ ರ‍್ಯಾಂಡಲ್ ಮತ್ತು ಹ್ಯಾರಿ ಬೂಟ್ ಎಂಬ ವಿಜ್ಞಾನಿಗಳು ಮ್ಯಾಗ್ನೆಟ್ರಾನ್ ನಳಿಕೆಯ ಹೊಸ ರೂಪವೊಂದನ್ನು ನಿರ್ಮಿಸಿದರು. ಅಂಗೈಯಲ್ಲಿ ಹಿಡಿಯಬಹುದಾದ ಆ ಸಾಧನ, ಸುಮಾರು ಹತ್ತು ಸೆಂಟಿಮೀಟರ್ ಉದ್ದದ ಪ್ರಬಲವಾದ ಸೂಕ್ಷ್ಮತರಂಗಗಳನ್ನು ಹೊರಸೂಸುತ್ತಿತ್ತು. ಬ್ರಿಟನ್ ಅದರ ರಹಸ್ಯವನ್ನು ಅದೇ ವರ್ಷ ಅಮೆರಿಕಕ್ಕೆ ತಿಳಿಸಿತು.

ಆದರೆ ಗಟ್ಟಿಯಾದ ತಾಮ್ರದ ಗಡ್ಡೆಯನ್ನು ಕೊರೆದು ಮ್ಯಾಗ್ನೆಟ್ರಾನನ್ನು ತಯಾರಿಸುವುದು ಬಹಳ ನಿಧಾನದ ಕೆಲಸವಾಗಿತ್ತು. ಸ್ಪೆನ್ಸರ್ ಇದಕ್ಕೊಂದು ಸುಲಭೋಪಾಯವನ್ನು ಕಂಡುಕೊಂಡನು. ತೆಳುವಾದ ತಾಮ್ರದ ಹಾಳೆಗಳನ್ನು ಅಚ್ಚಿನಿಂದ ಕತ್ತರಿಸಿ, ಒಂದರ ಮೇಲೊಂದು ಪೇರಿಸಿ, ಬೆಸೆದರೆ ಅದೇ ಆಕಾರ ದೊರೆಯುತ್ತದೆಂದು ತೋರಿಸಿದನು. ಇಂತಹ ಸುಧಾರಣೆಗಳಿಂದ ದಿನವೊಂದಕ್ಕೆ ಬೆರಳೆಣಿಕೆಯಷ್ಟು ಸಿದ್ಧವಾಗುತ್ತಿದ್ದ ನಳಿಕೆಗಳ ಸಂಖ್ಯೆ ಯುದ್ಧ ಮುಗಿಯುವ ವೇಳೆಗೆ ಸಾವಿರಗಳ ಲೆಕ್ಕಕ್ಕೆ ಏರಿತು. ಈ ಸೇವೆಗಾಗಿ ಅಮೆರಿಕದ ನೌಕಾಪಡೆ ಅವನನ್ನು ಪ್ರಶಸ್ತಿಯಿಂದ ಗೌರವಿಸಿತು.

1945ರಲ್ಲಿ ಒಂದು ದಿನ ಸ್ಪೆನ್ಸರ್ ಕೆಲಸಮಾಡುತ್ತಿದ್ದ ಮ್ಯಾಗ್ನೆಟ್ರಾನಿನ ಎದುರಿಗೆ ನಿಂತಿದ್ದನು. ಆಗ ತನ್ನ ಜೇಬಿನಲ್ಲಿದ್ದ ಮಿಠಾಯಿ ಕರಗಿ ಅಂಟಾಗಿರುವುದು ಅವನ ಗಮನಕ್ಕೆ ಬಂದಿತು. ಈ ನಳಿಕೆಗಳ ಬಳಿಯಲ್ಲಿ ಬಿಸಿಯ ಅನುಭವವಾಗುವುದು ಅಲ್ಲಿಯ ಇತರ ಕೆಲಸಗಾರರಿಗೂ ಹೊಸತಾಗಿರಲಿಲ್ಲ. ಅವರು ಅದನ್ನು ಕಂಡು ಸುಮ್ಮನಾಗಿದ್ದರು. ಸ್ಪೆನ್ಸರ್ ಮಾತ್ರ ಸುಮ್ಮನಾಗಲಿಲ್ಲ. ಹಾಳಾದ ಮಿಠಾಯಿಗಾಗಿ ಮರುಗುವ ಬದಲು, ಅದು ಕರಗಿದುದೇಕೆ ಎಂದು ತನ್ನನ್ನು ತಾನೇ ಕೇಳಿಕೊಂಡನು. ಆ ಪ್ರಶ್ನೆಯಲ್ಲೇ ಹೊಸ ಒಲೆಯ ಬೀಜವಿತ್ತು.

ಕೂಡಲೇ ಅವನು ಮೆಕ್ಕೆಜೋಳದ ಕಾಳುಗಳನ್ನು ತರಿಸಿ ನಳಿಕೆಯ ಮುಂದೆ ಇರಿಸಿದನು. ಅವು ಚಟಪಟನೆ ಸಿಡಿದು ಅರಳಾದವು. ಅನಂತರ ಒಂದು ಕೋಳಿಮೊಟ್ಟೆಯನ್ನು ಪರೀಕ್ಷೆಗೆ ಇಟ್ಟನು. ಮೊಟ್ಟೆ ಅಲುಗಾಡತೊಡಗಿತು. ಕುತೂಹಲದಿಂದ ಬಗ್ಗಿ ನೋಡಿದ ಸಹೋದ್ಯೋಗಿಯೊಬ್ಬನ ಮುಖಕ್ಕೆ ಅದು ಸ್ಫೋಟಿಸಿ ಎರಚಿತು. ಎಲ್ಲರೂ ನಕ್ಕಿರಬಹುದು, ಆದರೆ ಹೊಸ ಒಲೆಯ ಬಳಕೆಗೆ ಸಂಬಂಧಿಸಿದ ಮೊದಲ ಎಚ್ಚರಿಕೆಯ ಪಾಠವೂ ಅದೇ ಆಗಿತ್ತು. ಚಿಪ್ಪಿನೊಳಗೆ ಹುಟ್ಟಿದ ಹಬೆಗೆ ಹೊರಬರಲು ದಾರಿಯಿಲ್ಲದಿದ್ದರೆ ಅದು ಚಿಪ್ಪನ್ನೇ ಒಡೆಯುತ್ತದೆ.

ಈ ಪ್ರಯೋಗಗಳ ಫಲವನ್ನು ಅಡುಗೆಗೆ ಬಳಸಬೇಕಾದರೆ ತರಂಗಗಳು ಎಲ್ಲೆಂದರಲ್ಲಿ ಚದುರಬಾರದು. ಲೋಹದ ಮೇಲೆ ಬಿದ್ದ ಸೂಕ್ಷ್ಮತರಂಗಗಳು, ಕನ್ನಡಿಗೆ ಬಡಿದ ಬೆಳಕಿನಂತೆ ಹಿಂದಿರುಗುತ್ತವೆ. ಆದ್ದರಿಂದ ಸ್ಪೆನ್ಸರ್ ಲೋಹದ ಪೆಟ್ಟಿಗೆಯೊಂದರೊಳಕ್ಕೆ ಅವುಗಳನ್ನು ಹಾಯಿಸಿದನು. ಒಳಹೊಕ್ಕ ತರಂಗಗಳು ಹೊರಬರಲಾರದೆ ಗೋಡೆಯಿಂದ ಗೋಡೆಗೆ ಪುಟಿದು ನಡುವಿನಲ್ಲಿದ್ದ ಆಹಾರವನ್ನು ಹೊಕ್ಕವು. ಆಹಾರದಲ್ಲಿರುವ ನೀರಿನ ಅಣುವಿನ ಒಂದು ಬದಿಯಲ್ಲಿ ಧನ ವಿದ್ಯುದಂಶವೂ ಇನ್ನೊಂದು ಬದಿಯಲ್ಲಿ ಋಣ ವಿದ್ಯುದಂಶವೂ ಇರುತ್ತದೆ. ಇಂದಿನ ಮನೆಯ ಒಲೆಯಲ್ಲಿ ತರಂಗವು ಸೆಕೆಂಡಿಗೆ ಸುಮಾರು 245 ಕೋಟಿ ಬಾರಿ ಕಂಪಿಸುತ್ತದೆ. ಆ ಕಂಪನವನ್ನು ಅನುಸರಿಸಿ ಅತ್ತಿತ್ತ ತಿರುಗಲು ಹೆಣಗುವ ಅಣುಗಳು ನೆರೆಯ ಅಣುಗಳನ್ನು ತಾಕಿ ಶಾಖವನ್ನು ಉಂಟುಮಾಡುತ್ತವೆ. ಗಾಜು, ಪಿಂಗಾಣಿ, ಕಾಗದಗಳ ಮೂಲಕ ತರಂಗಗಳು ಹಾದುಹೋಗುವುದರಿಂದ ಪಾತ್ರೆ ನೇರವಾಗಿ ಹೆಚ್ಚು ಕಾಯುವುದಿಲ್ಲ. ಒಳಗಿನ ಆಹಾರ ಕಾಯುತ್ತದೆ.

1945ರ ಅಕ್ಟೋಬರ್ ತಿಂಗಳಲ್ಲಿ ಸ್ಪೆನ್ಸರ್ ಈ ವಿಧಾನಕ್ಕೆ ಪೇಟೆಂಟ್ ಕೋರಿ ಅರ್ಜಿ ಸಲ್ಲಿಸಿದನು. 1950ರ ಜನವರಿಯಲ್ಲಿ ಅದು ದೊರೆಯಿತು. ಈ ನಡುವೆಯೇ, 1947ರ ವೇಳೆಗೆ ಅವನ ಕಂಪನಿ ರೇಡಾರೇಂಜ್ ಎಂಬ ಹೆಸರಿನ ಒಲೆಯನ್ನು ಮಾರುಕಟ್ಟೆಗೆ ತಂದಿತು. ಅದು ಆಳೆತ್ತರದ ದೈತ್ಯಯಂತ್ರ. ತೂಕ ಸುಮಾರು 340 ಕಿಲೋಗ್ರಾಂ. ಅದನ್ನು ತಂಪಾಗಿಡಲು ನೀರಿನ ಕೊಳವೆ ಬೇಕಾಗಿತ್ತು. ಬೆಲೆಯಂತೂ ಸಾವಿರಾರು ಡಾಲರುಗಳು. ದೊಡ್ಡ ಭೋಜನಾಲಯಗಳು, ಹಡಗುಗಳು ಮಾತ್ರ ಅದನ್ನು ಕೊಳ್ಳಬಲ್ಲವಾಗಿದ್ದವು. 1955ರಲ್ಲಿ ಟ್ಯಾಪನ್ ಎಂಬ ಕಂಪನಿ ಮನೆಗೆಂದು ತಯಾರಿಸಿದ ಒಲೆಗೂ 1295 ಡಾಲರ್ ತೆರಬೇಕಾಗಿತ್ತು. ಕೊನೆಗೆ 1967ರಲ್ಲಿ, ರೇಥಿಯಾನ್ ಕೊಂಡುಕೊಂಡಿದ್ದ ಅಮಾನಾ ಎಂಬ ಸಂಸ್ಥೆ ಅಡುಗೆಕಟ್ಟೆಯ ಮೇಲೆ ಇಡಬಹುದಾದ ಒಲೆಯನ್ನು 495 ಡಾಲರಿಗೆ ಮಾರತೊಡಗಿತು. ಇಪ್ಪತ್ತು ವರ್ಷಗಳಲ್ಲಿ ದೈತ್ಯನು ಕುಬ್ಜನಾಗಿ ಮನೆಯೊಳಗೆ ಕಾಲಿಟ್ಟನು.

ಹೊಸ ಸಾಧನದೊಂದಿಗೆ ಹೊಸ ಭಯವೂ ಬಂದಿತು. ಕಾಣದ ತರಂಗಗಳು ಸೋರಿ ಮನೆಯವರಿಗೆ ಕೇಡು ಮಾಡಬಹುದೆಂದು ಜನ ಅಂಜಿದರು. ಈ ಅಂಜಿಕೆಯಲ್ಲಿ ಸತ್ಯವೂ ಇತ್ತು, ಮಿಥ್ಯೆಯೂ ಇತ್ತು. ಸೂಕ್ಷ್ಮತರಂಗಗಳು ಆಹಾರವನ್ನು ವಿಕಿರಣಶೀಲವನ್ನಾಗಿ ಮಾಡುವುದಿಲ್ಲ. ಒಲೆ ನಿಂತೊಡನೆ ಅವೂ ಇಲ್ಲವಾಗುತ್ತವೆ. ಆದರೆ ಆಹಾರವನ್ನು ಕಾಯಿಸುವ ತರಂಗ ಮನುಷ್ಯನ ಮೈಯನ್ನೂ ಕಾಯಿಸಬಲ್ಲದು. ಮುಖ್ಯವಾಗಿ ಕಣ್ಣಿಗೆ ಅದು ಅಪಾಯಕಾರಿ. ಆದ್ದರಿಂದ ಅಮೆರಿಕ ಸರ್ಕಾರ 1968ರಲ್ಲಿ ವಿಕಿರಣ ನಿಯಂತ್ರಣದ ಕಾಯಿದೆಯನ್ನು ಮಾಡಿತು. 1971ರಿಂದ ತಯಾರಾಗುವ ಒಲೆಗಳು ತಮ್ಮ ಆಯುಷ್ಯದಲ್ಲಿ ಎಂದೂ, ಐದು ಸೆಂಟಿಮೀಟರ್ ದೂರದಲ್ಲಿ, ಒಂದು ಚದರ ಸೆಂಟಿಮೀಟರಿಗೆ 5 ಮಿಲಿವ್ಯಾಟಿಗಿಂತ ಹೆಚ್ಚಾಗಿ ಸೋರಬಾರದೆಂಬ ನಿಯಮ ಜಾರಿಗೆ ಬಂದಿತು. ಬಾಗಿಲು ತೆರೆದೊಡನೆ ತರಂಗಗಳು ನಿಲ್ಲುವಂತೆ ಒಂದಕ್ಕೊಂದು ಆಸರೆಯಾಗಿ ಎರಡು ತಡೆಗಳಿರಬೇಕೆಂದೂ ವಿಧಿಸಲಾಯಿತು. ಬಾಗಿಲಿನ ಗಾಜಿನ ಹಿಂದೆ ಕಾಣುವ ಸಣ್ಣ ರಂಧ್ರಗಳ ಲೋಹದ ಜಾಲರಿಯೂ ಕಾವಲುಗಾರನೇ. ಬೆಳಕು ಆ ರಂಧ್ರಗಳ ಮೂಲಕ ಹಾಯುತ್ತದೆ. ಅವುಗಳಿಗಿಂತ ಬಹಳ ಉದ್ದವಾದ ಸೂಕ್ಷ್ಮತರಂಗ ಹಾಯಲಾರದು.

ಆದರೆ ಕಾಯಿದೆಯಾಗಲಿ ಯಂತ್ರವಾಗಲಿ ಬಳಸುವವರ ವಿವೇಕಕ್ಕೆ ಬದಲಿಯಾಗಲಾರದು. ಒಲೆ ಕೆಲಸಮಾಡುವ ರೀತಿಯನ್ನು ಅರಿತವರಿಗೆ ಅದರ ನಿಯಮಗಳನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ಅಂದು ಸಿಡಿದ ಮೊಟ್ಟೆಯನ್ನು ನೆನೆದರೆ, ಇಡಿಯ ಮೊಟ್ಟೆಯನ್ನಾಗಲಿ ಬಿಗಿಯಾಗಿ ಮುಚ್ಚಿದ ಡಬ್ಬಿಯನ್ನಾಗಲಿ ಒಳಗಿಡಬಾರದೆಂಬುದು ತಾನಾಗಿಯೇ ತಿಳಿಯುತ್ತದೆ. ಆಲೂಗೆಡ್ಡೆಯಂತಹ ಸಿಪ್ಪೆಯುಳ್ಳ ಪದಾರ್ಥವನ್ನು ಮೊದಲು ಚುಚ್ಚಿ ತೂತು ಮಾಡಬೇಕು. ಲೋಹ ತರಂಗವನ್ನು ಹಿಮ್ಮೆಟ್ಟಿಸುತ್ತದೆ. ಅದರ ಚೂಪಾದ ಅಂಚುಗಳಲ್ಲಿ ಕಿಡಿಯೂ ಹಾರಬಹುದು. ಆದುದರಿಂದ ಸ್ಟೀಲಿನ ತಟ್ಟೆ, ಚಮಚ, ಚಿನ್ನದ ಬಣ್ಣದ ಅಂಚುಳ್ಳ ಪಿಂಗಾಣಿ ಸಲ್ಲವು. ಈ ಒಲೆಗೆ ತಕ್ಕದ್ದೆಂದು ಗುರುತು ಹಾಕಿದ ಗಾಜು, ಪಿಂಗಾಣಿ, ಪ್ಲಾಸ್ಟಿಕ್ ಪಾತ್ರೆಗಳನ್ನೇ ಬಳಸಬೇಕು. ಬರಿದಾದ ಒಲೆಯನ್ನು ನಡೆಸಿದರೆ, ಹೀರಿಕೊಳ್ಳಲು ಆಹಾರವಿಲ್ಲದೆ ತರಂಗಗಳು ಹಿಂದಿರುಗಿ ಮ್ಯಾಗ್ನೆಟ್ರಾನನ್ನೇ ಕೆಡಿಸಬಹುದು.

ನೀರನ್ನು ಕಾಯಿಸುವಾಗ ವಿಶೇಷ ಎಚ್ಚರ ಬೇಕು. ನುಣುಪಾದ ಪಾತ್ರೆಯಲ್ಲಿ ನೀರು ಕುದಿಯುವ ಬಿಂದುವನ್ನು ದಾಟಿಯೂ ಗುಳ್ಳೆಯಿಲ್ಲದೆ ಶಾಂತವಾಗಿ ಕಾಣಬಹುದು. ಚಮಚ ತಾಕಿದೊಡನೆ ಉಕ್ಕಿ ಕೈಯನ್ನು ಸುಡಬಹುದು. ಹಿತಮಿತವಾಗಿ ಕಾಯಿಸಿ ಸ್ವಲ್ಪ ಹೊತ್ತು ಬಿಟ್ಟು ತೆಗೆಯುವುದು ಲೇಸು. ತರಂಗಗಳು ಎಲ್ಲೆಡೆ ಸಮನಾಗಿ ಬೀಳುವುದಿಲ್ಲವಾದ್ದರಿಂದ ಆಹಾರ ಒಂದೆಡೆ ಸುಡುವಂತಿದ್ದು ಇನ್ನೊಂದೆಡೆ ತಣ್ಣಗಿರಬಹುದು. ನಡುವೆ ಕಲಕಬೇಕು, ಮಗುವಿಗೆ ಕೊಡುವ ಪದಾರ್ಥವನ್ನಂತೂ ಚೆನ್ನಾಗಿ ಬೆರೆಸಿ, ಬಿಸಿಯನ್ನು ಪರೀಕ್ಷಿಸದೆ ಕೊಡಲೇಬಾರದು. ಒಳಗೆ ಚೆಲ್ಲಿದುದನ್ನು ಒದ್ದೆ ಬಟ್ಟೆಯಿಂದ ಆಗಿಂದಾಗ್ಗೆ ಒರೆಸಬೇಕು. ಬಾಗಿಲು ಸೊಟ್ಟಗಾದರೆ, ಸರಿಯಾಗಿ ಮುಚ್ಚದಿದ್ದರೆ ಒಲೆಯನ್ನು ಬಳಸಬಾರದು. ಒಳಗೆ ಬೆಂಕಿ ಕಂಡರೆ ಬಾಗಿಲನ್ನು ತೆರೆಯದೆ ವಿದ್ಯುತ್ತನ್ನು ಕಡಿದು ಕಾಯಬೇಕು. ಗಾಳಿಯಿಲ್ಲದೆ ಅದು ನಂದುತ್ತದೆ. ಕೆಟ್ಟ ಒಲೆಯ ಹೊರಕವಚವನ್ನು ಮನೆಯಲ್ಲಿ ಬಿಚ್ಚಬಾರದು. ಪ್ಲಗ್ಗನ್ನು ಕಿತ್ತ ಮೇಲೂ ಒಳಗಿನ ಸಂಗ್ರಾಹಕದಲ್ಲಿ ಪ್ರಾಣಾಂತಿಕ ವಿದ್ಯುತ್ ಉಳಿದಿರಬಹುದು.

ಸ್ಪೆನ್ಸರ್ ತನ್ನ ಕಂಪನಿಯ ಹಿರಿಯ ಉಪಾಧ್ಯಕ್ಷನಾದನು. ನೂರಕ್ಕೂ ಹೆಚ್ಚು ಪೇಟೆಂಟುಗಳನ್ನು ಪಡೆದನು. ಶಾಲೆಯ ಮೆಟ್ಟಿಲನ್ನು ಅರ್ಧಕ್ಕೆ ಇಳಿದ ಅವನಿಗೆ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು. 1970ರ ಸೆಪ್ಟೆಂಬರಿನಲ್ಲಿ ಅವನು ಕಾಲವಾದನು. ತನ್ನ ಒಲೆ ಜಗತ್ತಿನ ಮನೆಮನೆಗಳನ್ನು ಸೇರುವುದನ್ನು ಅವನು ಕಾಣಲಿಲ್ಲ. 1999ರಲ್ಲಿ ಅವನ ಹೆಸರನ್ನು ಅಮೆರಿಕದ ಶ್ರೇಷ್ಠ ಸಂಶೋಧಕರ ಪಂಕ್ತಿಗೆ ಸೇರಿಸಲಾಯಿತು.

ಜೇಬಿನಲ್ಲಿ ಕರಗಿದ ಮಿಠಾಯಿ ಆಕಸ್ಮಿಕವಾಗಿರಬಹುದು. ಅದರಿಂದ ಒಲೆ ಹುಟ್ಟಿದುದು ಆಕಸ್ಮಿಕವಲ್ಲ. ಇರುಳೆಲ್ಲ ಕುಳಿತು ಗಳಿಸಿದ ಅರಿವು ಇಲ್ಲದಿದ್ದರೆ ಸ್ಪೆನ್ಸರನೂ ಜೇಬನ್ನು ಒರೆಸಿಕೊಂಡು ಮುಂದೆ ನಡೆಯುತ್ತಿದ್ದನು. ಕಂಡುದನ್ನು ಪ್ರಶ್ನಿಸುವ ಬುದ್ಧಿ, ಪ್ರಶ್ನೆಯನ್ನು ಪ್ರಯೋಗದಿಂದ ಬಿಡಿಸುವ ತಾಳ್ಮೆ, ದೊರೆತ ಶಕ್ತಿಯನ್ನು ಕಟ್ಟುನಿಟ್ಟಿನಲ್ಲಿರಿಸುವ ವಿವೇಕ — ಈ ಮೂರೂ ಸೇರಿ ಆ ಪುಟ್ಟ ಪೆಟ್ಟಿಗೆಯಾಯಿತು. ಅದರ ಗುಂಡಿಯನ್ನು ಒತ್ತುವ ಕೈಗೂ ಈ ಗುಣಗಳು ಬೇಕು. ಅರಿತು ಬಳಸುವವರಿಗೆ ಅದು ಸೇವಕ. ಅರಿಯದೆ ಬಳಸುವವರಿಗೆ ಅಪಾಯ.