ಹಣೆಬರಹವನ್ನು ಅಳೆಯಲು ಹೊರಟವನು

ಕೋಚಿಂಗ್ ಕ್ಲಾಸಿಗೆ ಹೋಗುವ ದಾರಿಯಲ್ಲಿ, ಪೊಲೀಸ್ ಠಾಣೆಯ ಮುಂದೆ ಒಂದು ಕಾರು ಬಿದ್ದಿದೆ. ಮುಂಭಾಗ ನಜ್ಜುಗುಜ್ಜು, ಸೀಟುಗಳು ಮಾತ್ರ ಹಾಗೇ ಇವೆ. ಡ್ರೈವರ್ ಎದುರಿನ ಗಾಜಿನಲ್ಲಿ ಜೇಡರ ಬಲೆಯಂಥ ಬಿರುಕು. ಆತ ಉಳಿಯಲಿಲ್ಲವಂತೆ. ಹಣೆಬರಹ ಅಂದುಬಿಟ್ಟರು ಟೀ ಅಂಗಡಿಯವರು.

ಹ್ಯೂ ಡಿಹೇವನ್‌ ವಿಷಯದಲ್ಲೂ ಜನ ಅದನ್ನೇ ಅಂದಿದ್ದರು. 1895ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಈತ ಮೊದಲ ಮಹಾಯುದ್ಧದ ಕಾಲಕ್ಕೆ ಕೆನಡಾದಲ್ಲಿ ರಾಯಲ್ ಫ್ಲೈಯಿಂಗ್ ಕೋರ್ ಸೇರಿದ. 1917ರಲ್ಲಿ ತರಬೇತಿಯ ವೇಳೆ ಆಕಾಶದಲ್ಲೇ ಎರಡು ವಿಮಾನ ಡಿಕ್ಕಿಯಾದವು. ಆತ ಬದುಕಿದ್ದೇ ಅದೃಷ್ಟ ಎಂದರು ಎಲ್ಲರೂ. ಆತ ಮಾತ್ರ ತನ್ನ ಗಾಯಗಳನ್ನೇ ಸಾಕ್ಷಿ ಮಾಡಿಕೊಂಡ. ಕೂತ ಜಾಗ ಅಷ್ಟೇನೂ ಹಾಳಾಗಿರಲಿಲ್ಲ, ಆದರೂ ಹೊಟ್ಟೆಯೊಳಗೆ ಯಕೃತ್ತು, ಮೇದೋಜೀರಕ ಗ್ರಂಥಿ ಸೀಳಿದ್ದವು. ಕಾರಣ, ಸೊಂಟದ ಬೆಲ್ಟಿನ ಬಕಲ್!

ಮುಂದೆ ಕೈತುಂಬ ದುಡಿದ. 1930ರ ದಶಕದಲ್ಲಿ ಹಳೆಯ ಪ್ರಶ್ನೆಗೇ ಮರಳಿದ. ಅಡುಗೆಮನೆಯ ಸೂರಿನಿಂದ ರಬ್ಬರ್ ಫೋಮ್ ಮೇಲೆ ಮೊಟ್ಟೆ ಬೀಳಿಸಿ ನೋಡಿದ. (ಮನೆಯವರು ಏನಂದುಕೊಂಡರೋ!) 50ರಿಂದ 150 ಅಡಿ ಎತ್ತರದಿಂದ ಬಿದ್ದೂ ಬದುಕಿದವರ ವಿವರ ಕಲೆಹಾಕಿ 1942ರಲ್ಲಿ ಪ್ರಬಂಧ ಪ್ರಕಟಿಸಿದ.

ಅದರ ಹಿಂದಿನ ಲೆಕ್ಕಕ್ಕೆ ನಮ್ಮ ಪಿಯುಸಿ ಫಿಸಿಕ್ಸ್ ಸಾಕು. ಬಿದ್ದ ಎತ್ತರವನ್ನು ನಿಲ್ಲಲು ಸಿಕ್ಕ ದೂರದಿಂದ ಭಾಗಿಸಿ. ದೇಹದ ಮೇಲಿನ ಸರಾಸರಿ ಹೊಡೆತ ಅದರ ತೂಕದ ಎಷ್ಟು ಪಟ್ಟು ಎಂಬ ಅಂದಾಜು ಸಿಗುತ್ತದೆ. 15 ಮೀಟರ್‌ನಿಂದ ಬಿದ್ದರೆ ನೆಲ ಮುಟ್ಟುವಾಗಿನ ವೇಗ ಗಂಟೆಗೆ ಸುಮಾರು 60 ಕಿ.ಮೀ. ಮೆದು ಮಣ್ಣು 10 ಸೆಂ.ಮೀ. ತಗ್ಗಿದರೆ 150 ಪಟ್ಟು. ಗಟ್ಟಿ ನೆಲದ ಮೇಲೆ 1 ಸೆಂ.ಮೀ.ನಲ್ಲೇ ನಿಂತರೆ 1500 ಪಟ್ಟು. ಬಿದ್ದದ್ದು ಒಂದೇ ಎತ್ತರದಿಂದ, ಕೊಂದದ್ದು ಆ 9 ಸೆಂ.ಮೀ.

ಅದೇ ವರ್ಷ ಕಾರ್ನೆಲ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಆತನ ಅಪಘಾತ ಸಂಶೋಧನೆ ಶುರುವಾಯಿತು. ಮೊದಲು ವಿಮಾನ, ಆಮೇಲೆ ಕಾರು. ಪೊಲೀಸರಿಗೆ ತಪ್ಪು ಯಾರದು ಎಂಬ ಚಿಂತೆಯಾದರೆ ಈತನಿಗೆ ದೇಹಕ್ಕೆ ಬಡಿದದ್ದು ಯಾವುದು ಎಂಬುದು. ಸ್ಟಿಯರಿಂಗ್, ಡ್ಯಾಶ್‌ಬೋರ್ಡ್ ಎಲ್ಲ ಪಟ್ಟಿಗೆ ಬಂದವು. ಬಾಗಿಲು ತೆರೆದುಕೊಂಡು ಹೊರಗೆ ಬೀಳುವುದು ಎಷ್ಟು ಅಪಾಯ ಎಂದೂ ತಿಳಿಯಿತು. ರೋಜರ್ ಗ್ರಿಸ್‌ವೋಲ್ಡ್ ಜೊತೆ ಸೊಂಟಕ್ಕೂ ಭುಜಕ್ಕೂ ಸೇರಿದ ಬೆಲ್ಟಿಗೆ 1955ರಲ್ಲಿ ಪೇಟೆಂಟ್ ಪಡೆದ. ವೋಲ್ವೊದ ನಿಲ್ಸ್ ಬೋಲಿನ್ 1959ರಲ್ಲಿ ತಂದ ಸುಧಾರಿತ ಬೆಲ್ಟೇ ಜಗತ್ತಿಗೆಲ್ಲ ಹಬ್ಬಿತು. ಡಿಹೇವನ್ 1980ರಲ್ಲಿ ತೀರಿಕೊಂಡ.

ಇಷ್ಟು ಓದಿದ ಮೇಲೆ ಮೊನ್ನೆ ಆ ಕಾರಿನೊಳಗೆ ಇಣುಕಿದೆ. ಬೆಲ್ಟ್ ಎಳೆತದ ಒಂದು ಗುರುತೂ ಇಲ್ಲದೆ ಹೊಸದರಂತೆ ಸುತ್ತಿಕೊಂಡಿತ್ತು. ಬಕಲ್‌ನಲ್ಲಿ, ಅಲಾರಂ ಕೂಗದಿರಲೆಂದು ಸಿಕ್ಕಿಸುವ ಕ್ಲಿಪ್ ಇನ್ನೂ ಇತ್ತು.